ಅಂಚಿಲ್ಲದ ಬೀದಿ

ಮಾವ ಆಗಲೇ ಬೂಟು ಹಾಕಿಕೊಂಡು ಕೂತಿದ್ದರು. ಅಡುಗೆಮನೆಗೆ ಹೊರಟವಳು ಅವರನ್ನು ಕಂಡು ಅಲ್ಲೇ ನಿಂತಳು. ಮುಖ ಕ್ಷೌರ ಮಾಡಿಕೊಂಡಿದ್ದರು. ಗಲ್ಲದ ಕೆಳಗೆ ಒಂದು ಸಣ್ಣ ಗೀರು ಕೆಂಪಗೆ ಎದ್ದಿತ್ತು. ಇಸ್ತ್ರಿ ಮಾಡಿದ ಅಂಗಿ. ಮೊಣಕಾಲುಗಳ ನಡುವೆ ಕೋಲು. ಆ ಕೋಲು ಎಷ್ಟೋ ತಿಂಗಳಿಂದ ಬಾಗಿಲ ಹಿಂದೆ ನಿಂತದ್ದು ನಿಂತ ಹಾಗೇ ಇತ್ತು. ಗುಡಿಸುವಾಗ ಅವಳು ಅದನ್ನು ಎತ್ತಿ, ಕೆಳಗಿನ ಧೂಳು ತೆಗೆದು, ಮತ್ತೆ ಅದೇ ಜಾಗದಲ್ಲಿ ಅದೇ ಓರೆಯಲ್ಲಿ ಇಡುತ್ತಿದ್ದಳು, ತಾನು ಮುಟ್ಟಿದ್ದು ಗೊತ್ತಾಗಬಾರದು ಅನ್ನುವಂತೆ. ಯಾರಿಗೆ ಗೊತ್ತಾಗಬಾರದು? ಮಾವನಿಗೆ ಕಣ್ಣು ಕಾಣುವುದಿಲ್ಲ. ಗಂಡನಿಗೆ ಮನೆಯಲ್ಲಿ ಕೋಲು ಅನ್ನುವುದೊಂದಿದೆ ಎಂಬುದೇ ಮರೆತುಹೋಗಿತ್ತು. ಉಳಿದವಳು ಅವಳೊಬ್ಬಳೇ.

"ಎದ್ದೆಯಾ ಇಂಜಿನಿಯರಮ್ಮ?" ಅಂದರು ಮಾವ, ಅವಳು ನಿಂತ ಕಡೆಗೇ ಮುಖ ತಿರುಗಿಸಿ.

"ಇಷ್ಟು ಬೇಗ ಯಾಕೆ ತಯಾರಾದ್ರಿ ಮಾವ? ಅವರು ಬರೋದು ಇನ್ನೂ ಎಷ್ಟೊತ್ತಿಗೋ."

"ಮದುವೆ ಗಂಡು ಮೊದಲೇ ತಯಾರಾಗಿರಬೇಕಮ್ಮ. ಎಲ್ಲಿ, ಒಂದು ಸಲ ಕೆಮ್ಮು ನೋಡೋಣ."

"ಈಗಲೇನಾ?"

"ಗಂಟಲು ಹೇಗಿದೆ ಅಂತ ನೋಡ್ಕೋಬೇಡವಾ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಕೆಮ್ಮಿದಳು. ಮಾವ ತಲೆ ಓರೆ ಮಾಡಿ ಕೇಳಿಸಿಕೊಂಡರು. ಜೀವಮಾನವೆಲ್ಲ ಔಷಧಿ ಅಂಗಡಿ ನಡೆಸಿದವರು; ಕೆಮ್ಮು ಕೇಳಿಯೇ ಸೀಸೆ ತೆಗೆಯುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದರು. ಡಾಕ್ಟರರ ಅಕ್ಷರ ಓದಿ ಓದಿಯೇ ತಮ್ಮ ಕಣ್ಣು ಹೋಯಿತು ಅನ್ನುವುದು ಬಂದವರಿಗೆಲ್ಲ ಅವರು ಹೇಳುವ ತಮಾಷೆ.

"ಇದು ಕೆಮ್ಮಲ್ಲಮ್ಮ, ಯಾರ ಹತ್ತಿರವೋ ಕ್ಷಮೆ ಕೇಳಿದ ಹಾಗಿದೆ," ಅಂದರು. "ಸ್ವಲ್ಪ ಎದೆಯಿಂದ ಬರಲಿ."

ಅವಳು ನಕ್ಕಳು. ನಗು ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು ಹೊತ್ತು ಎಳೆಯಿತು, ಅದು ಇಬ್ಬರಿಗೂ ಕೇಳಿಸಿತು. ಒಲೆಯ ಮೇಲೆ ಹಾಲಿಟ್ಟು ಅದನ್ನೇ ನೋಡುತ್ತ ನಿಂತಳು. ಹಿಂದಿನ ಸಂಜೆ ಈ ವಿಷಯ ಎತ್ತಲೇಬಾರದಿತ್ತು. ಮಾವನಿಗೆ ಮೈ ಹುಷಾರಿಲ್ಲ ಎಂದು ಆಫೀಸಿನಲ್ಲೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಸಾಹೇಬರು ಕೇಳಿದ ರೀತಿಯೇ ಹಾಗಿತ್ತು. ರಸ್ತೆ ವಿಭಾಗದ ಮುಖ್ಯಸ್ಥರಾದ ಅವರನ್ನು ಆಫೀಸಿನವರೆಲ್ಲ ಬೆನ್ನ ಹಿಂದೆ ಸಮತಟ್ಟು ಸಾಹೇಬರು ಅನ್ನುತ್ತಿದ್ದರು. ಮೇಜಿನ ಮೇಲೆ ಪೆನ್ಸಿಲ್ ಉರುಳಿದರೆ ಬಡಗಿಯನ್ನು ಕರೆಸುವ ಮನುಷ್ಯ. "ಮಾದರಿ ಬೀದಿ ಆರಿಸೋ ಸಮಿತಿ ನಾಳೆ ಬರ್ತಾ ಇದೆ. ಎಲ್ಲ ಥರದವರೂ ನಮ್ಮ ಬೀದಿಯಲ್ಲಿ ಓಡಾಡೋದು ಅವರಿಗೆ ಕಾಣಬೇಕು. ಗಾಲಿಕುರ್ಚಿಗೆ ನಮ್ಮ ಲೆಕ್ಕದಕ್ಕ ಇದ್ದಾಳೆ. ಸೈಕಲ್ಲಿನವರು ಹೇಗೂ ಬರ್ತಾರೆ. ಕಣ್ಣು ಕಾಣದವರು ಒಬ್ಬರು ಬೇಕಲ್ಲ? ನಿಮ್ಮ ಮಾವ ಇದ್ದಾರಲ್ವಾ, ಬರುವಾಗ ಕರ್ಕೊಂಡು ಬನ್ನಿ." ಮನೆಯಿಂದ ಒಂದು ಕುರ್ಚಿ ಹೆಚ್ಚಿಗೆ ತನ್ನಿ ಅಂದ ಹಾಗೆ. ಅವಳು ಹೂಂ ಅಂದಿದ್ದಳು. ಹೂಂ ಅನ್ನುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು, ನೋಡುತ್ತ ನಿಂತವಳ ಎದುರಿಗೇ.

ಆ ಬೀದಿ ಮೊದಲು ಹೇಗಿತ್ತು ಎಂದು ಈಗ ನೆನಪಿಸಿಕೊಳ್ಳುವುದೇ ಕಷ್ಟ. ಫುಟ್‌ಪಾತು ಒಂದು ಕಡೆ ಮೊಣಕಾಲೆತ್ತರ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಅದರ ಮೇಲೆ ಕಾರುಗಳು ಒಂದು ಕಾಲೆತ್ತಿ ನಿಂತ ನಾಯಿಗಳ ಹಾಗೆ ವಾಲಿಕೊಂಡಿರುತ್ತಿದ್ದವು. ತಾಯಂದಿರು ಮಗುವಿನ ಗಾಡಿಯನ್ನು ರಸ್ತೆಗಿಳಿಸಿ ಲಾರಿಗಳ ಮಧ್ಯೆ ತಳ್ಳಿಕೊಂಡು ಹೋಗಬೇಕಿತ್ತು. ಮಳೆ ಬಂದರೆ ನೀರು ಅಂಗಡಿಗಳೊಳಕ್ಕೆ. ಆ ಹೊಲಸಿನ ಮಧ್ಯೆಯೇ ಮಾವ ಪ್ರತಿದಿನ ಬೆಳಿಗ್ಗೆ ಒಬ್ಬರೇ ನಡೆದು ತಮ್ಮ ಹಳೆಯ ಅಂಗಡಿಗೆ ಹೋಗುತ್ತಿದ್ದರು. ಅಂಗಡಿ ಈಗ ಬೇರೆಯವರದು. ಆದರೂ ಪಕ್ಕದಲ್ಲೊಂದು ಸ್ಟೂಲು ಅವರದೇ. ಅಲ್ಲಿ ಕೂತು ಬಂದವರ ಕೆಮ್ಮು ಕೇಳಿ, ತಮ್ಮನ್ನು ಯಾರೂ ಕೇಳದಿದ್ದರೂ ಸಲಹೆ ಕೊಟ್ಟು, ಊಟದ ಹೊತ್ತಿಗೆ ಮರಳುತ್ತಿದ್ದರು. ಅಂಚುಗಲ್ಲಿಗೆ ಕೋಲು ತಾಗಿಸಿಕೊಂಡು ನಡೆಯುವುದು ಅವರ ಕ್ರಮ. ಕಲ್ಲು ಇರುವ ತನಕ ಕೋಲು ಟಕ್ ಟಕ್ ಅನ್ನುತ್ತದೆ; ಕಲ್ಲು ಮುಗಿದರೆ ಅಡ್ಡರಸ್ತೆ, ನಿಲ್ಲಬೇಕು, ಕಿವಿಗೊಡಬೇಕು. ಮುರಿದ ಕಲ್ಲುಗಳೂ ಅವರಿಗೆ ಪರಿಚಿತ. ಒಂದು ಕಡೆ ಎರಡು ಕಲ್ಲು ಬಾಯಿ ಬಿಟ್ಟುಕೊಂಡಿದ್ದವು. ಅದು ನಗುವ ಕಲ್ಲು, ಅಲ್ಲಿಂದ ಮುಂದೆ ಬಲಕ್ಕೆ ಅಂಗಡಿ. ಇದನ್ನೆಲ್ಲ ಮಾವ ಊಟದ ಹೊತ್ತಿನಲ್ಲಿ ಹೇಳುತ್ತಿದ್ದರು, ಅವಳು ತಟ್ಟೆ ಎತ್ತುತ್ತ ಕೇಳುತ್ತಿದ್ದಳು. ಕೇಳಿಯೂ ಆ ಕಲ್ಲುಗಳನ್ನೆಲ್ಲ ಕೀಳಿಸಿದ್ದಳು. ಈಗ ಬೀದಿ ಗೋಡೆಯಿಂದ ಗೋಡೆಗೆ ಒಂದೇ ಮಟ್ಟ. ನಡೆಯುವವರ ಜಾಗ ತಿಳಿ ಬೂದು, ಗಾಡಿಗಳ ಜಾಗ ಗಾಢ ಬೂದು. ಕಲ್ಲುಗಳ ಸಂದಿಯಲ್ಲಿ ನೀರು ಇಂಗುತ್ತದೆ, ಸಾಲಾಗಿ ಗಿಡಗಳಿವೆ, ಎಲ್ಲಿ ಬೇಕಾದರೂ ಕೂರಬಹುದು. ಅಂಚು ಕಾಣದ ಕಾರಿನವರು ತಾವಾಗಿಯೇ ನಿಧಾನವಾಗಿ ಹೋಗುತ್ತಾರೆ. ಎಲ್ಲ ಅವಳು ನಕ್ಷೆಯಲ್ಲಿ ಬರೆದ ಹಾಗೆಯೇ ಆಗಿದೆ. ಬಣ್ಣದ ಗೆರೆಯೊಂದೇ ಅಂಚು. ಆ ಗೆರೆ ಕಣ್ಣಿದ್ದವರಿಗೆ.

"ಹೊರಡೋಣವಾ?" ಅಂದರು ಮಾವ. ಲೋಟವನ್ನು ಮೇಜಿನ ತುದಿಯಿಂದ ಒಳಕ್ಕೆ ಸರಿಸಿ ಇಟ್ಟರು. ಅವರು ಯಾವುದನ್ನೂ ತುದಿಯಲ್ಲಿ ಇಡುತ್ತಿರಲಿಲ್ಲ.

ದಾರಿಯಲ್ಲಿ ಅವರು ಅವಳ ಮೊಣಕೈ ಹಿಡಿದಿದ್ದರು, ಬೆರಳ ತುದಿಯಲ್ಲಿ, ಹಿಡಿದರೂ ಹಿಡಿಯದ ಹಾಗೆ. ಬೀದಿಯ ಮೊದಲ ನಕ್ಷೆಯಲ್ಲಿ ಒಂದು ಸಾಲು ಗೀರುಗಲ್ಲು ಇತ್ತು. ಕಾಲಿಗೂ ಕೋಲಿಗೂ ಗೊತ್ತಾಗುವಂಥ ಉಬ್ಬು ಗೀರುಗಳ ಕಲ್ಲು, ಎರಡು ಬೂದುಗಳ ಮಧ್ಯೆ ಬೀದಿಯುದ್ದಕ್ಕೂ. ಅದನ್ನು ಅವಳೇ ಹಾಕಿದ್ದಳು. ಗಾಲಿಕುರ್ಚಿಗೆ ಕುಲುಕುತ್ತದೆ, ನೋಡಲೂ ಹೊಲಿಗೆ ಹಾಕಿದ ಗಾಯದ ಹಾಗಿರುತ್ತದೆ ಎಂದಿದ್ದರು ಸಾಹೇಬರು. ಬೇಕೇ ಬೇಡವೇ, ಪರೀಕ್ಷೆ ಮಾಡೇ ನೋಡೋಣ ಎಂದು ವಿಭಾಗದವರನ್ನೆಲ್ಲ ಬೀದಿಗೆ ಕರೆದುಕೊಂಡು ಬಂದಿದ್ದರು. ಗೀರುಗಲ್ಲಿಲ್ಲದೆ ಒಂದು ತುಂಡು ಬೀದಿ ಆಗ ತಯಾರಾಗಿತ್ತು. ಎಲ್ಲರೂ ಸರದಿಯಂತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೋಲು ಹಿಡಿದು ನಡೆಯುವುದು. ಮೊದಲು ಅವಳು. ಬಟ್ಟೆಯ ಒಳಗೆ ಕತ್ತಲೆಯಾದ ಕ್ಷಣವೇ ನಕ್ಷೆ ದೀಪ ಹಚ್ಚಿದ ಹಾಗೆ ಎದ್ದು ನಿಂತಿತು. ಇಲ್ಲಿ ಗಿಡದ ಗುಂಡಿ. ಇಲ್ಲಿ ಬೆಂಚು, ಅದರ ಕಾಲು ಸ್ವಲ್ಪ ಹೊರಗೆ. ಇಲ್ಲಿ ದೀಪದ ಕಂಬ, ಅದಕ್ಕಾಗಿ ವಿದ್ಯುತ್ತಿನವರ ಜೊತೆ ಜಗಳವಾಡಿದ್ದಳು. ಅವಳು ಬೀದಿಯಲ್ಲಿ ನಡೆಯುತ್ತಲೇ ಇರಲಿಲ್ಲ. ತನ್ನ ಕಾಗದದ ಮೇಲೆ ನಡೆಯುತ್ತಿದ್ದಳು. ಅರ್ಧ ದಾರಿಯಲ್ಲಿ ಅದು ಅವಳಿಗೆ ಹೊಳೆಯಿತು ಕೂಡ. ಬಟ್ಟೆಯೊಳಗೆ ಒಂದು ಕ್ಷಣ ಕಾಲು ತಡೆಯಿತು. ನಕ್ಷೆ ಬರೆದವರೇ ಕಣ್ಣು ಕಟ್ಟಿಕೊಂಡು ನಡೆದರೆ ಏನು ಗೊತ್ತಾದೀತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಒಂದು ಹೆಜ್ಜೆಯೂ ತಪ್ಪದೆ ತುದಿ ಮುಟ್ಟಿದ್ದಳು. ಅವಳ ಹಿಂದೆ ಬಂದ ಎಲ್ಲರೂ ತಪ್ಪದೆ ತುದಿ ಮುಟ್ಟಿದರು. ಎಲ್ಲರೂ ತಿಂಗಳುಗಟ್ಟಲೆ ಅದೇ ನಕ್ಷೆಯ ಮೇಲೆ ಬಗ್ಗಿ ಕೂತವರು. ನೋಡಿದಿರಾ, ಅಂದರು ಸಾಹೇಬರು. ಗೀರುಗಲ್ಲು ಹೋಯಿತು. ಮಾವನನ್ನು ಕರೆದು ತರಬಹುದಿತ್ತು. ಅದೂ ಅವಳಿಗೆ ಹೊಳೆದಿತ್ತು. ಆದರೆ ಅವರು ಜೋರಾಗಿ ಮಾತಾಡುತ್ತಾರೆ, ಎಲ್ಲರ ಕೆಮ್ಮಿಗೂ ಔಷಧಿ ಹೇಳುತ್ತಾರೆ, ಜೇಬಿನಿಂದ ಕರವಸ್ತ್ರ ತೆಗೆದರೆ ಅದರ ಜೊತೆ ಮಾತ್ರೆಯ ಖಾಲಿ ಹಾಳೆಗಳು ಉದುರುತ್ತವೆ. ಆಫೀಸಿನವರು ಮುಖ ಮುಖ ನೋಡಿಕೊಳ್ಳುತ್ತಾರೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸಾಕಾಗಿತ್ತು, ಸಿಕ್ಕಿರಲಿಲ್ಲ.

"ನಿಧಾನ ಕಣಮ್ಮ," ಅಂದರು ಮಾವ. "ಓಡ್ತಾ ಇದ್ದೀಯ."

"ಮೊಣಕಾಲು ನೋಯ್ತಾ ಇದೆಯಾ ಮಾವ?"

ಬಾಯಿ ತಪ್ಪಿ ಬಂದಿತ್ತು. ಮಾವ, "ಇಲ್ಲ, ಇವತ್ತು ರಜೆ ತಗೊಂಡಿದೆ," ಅಂದರು.

ಬೀದಿ ತೆರೆದ ಮೊದಲ ವಾರ, ಆಫೀಸಿನ ಮಹಡಿಯ ಕಿಟಕಿಯಲ್ಲಿ ಟೀ ಹಿಡಿದು ನಿಂತಿದ್ದಾಗ ಅವಳು ಅವರನ್ನು ನೋಡಿದ್ದಳು. ತಿರುವಿನಲ್ಲಿ ಮಾವ ಕೋಲನ್ನು ಎಡಕ್ಕೆ ಚಾಚಿದರು, ಬಲಕ್ಕೆ ಚಾಚಿದರು, ನೆಲವನ್ನು ಸವರಿದರು. ಕೋಲಿಗೆ ಏನೂ ಸಿಗಲಿಲ್ಲ. ಏನೋ ಕಳೆದುಕೊಂಡವರಂತೆ ಸುತ್ತ ಸವರುತ್ತ ಸವರುತ್ತ ಗಾಢ ಬೂದಿನ ನಟ್ಟನಡುವೆ ಬಂದು ನಿಂತರು. ಅವರ ಬೆನ್ನಿಗೆ ಒಂದು ಬ್ಯಾಟರಿ ಕಾರು ಸದ್ದಿಲ್ಲದೆ ಬಂದು, ಹಾರನ್ನೂ ಹಾಕದೆ, ಮರ್ಯಾದೆಯಿಂದ ಕಾಯುತ್ತ ನಿಂತಿತು. ಅದು ಹಿಂದಿದೆ ಎನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅವಳು ಕೆಳಗೆ ಇಳಿದು ಹೋಗಲಿಲ್ಲ. ಇಳಿಯಬೇಕು ಅನ್ನುವುದು ಕಾಲಿಗೆ ತಿಳಿಯುವಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದವರು, "ಅಬ್ಬಾ, ಎಷ್ಟು ಶಾಂತವಾಗಿದೆ ನೋಡಿ ನಮ್ಮ ಬೀದಿ," ಅಂದಿದ್ದರು. ಅವಳು ಹೂಂ ಅಂದಿದ್ದಳು. ಮಾವ ಹೇಗೋ ಒಂದು ಗೋಡೆ ಮುಟ್ಟಿ, ಅದನ್ನೇ ತಡವಿಕೊಂಡು, ಬಂದ ಕಡೆಗೇ ತಿರುಗಿ ಹೋದರು. ಆ ಸಂಜೆಯಿಂದಲೇ ಅವರಿಗೆ ಮೊಣಕಾಲು ನೋವು. ಅಂಗಡಿಗೆ ಹೋಗುವುದು ನಿಂತಿತು. ಬೀದಿ ಚೆನ್ನಾಗಿದೆಯಂತಲ್ಲಮ್ಮ, ರೇಡಿಯೋದಲ್ಲಿ ಹೇಳಿದರು, ಈ ದರಿದ್ರ ಕಾಲು ಇಲ್ಲದಿದ್ದರೆ ನಾನೂ ಹೋಗಿಬರ್ತಿದ್ದೆ ಅನ್ನುತ್ತಿದ್ದರು. ಅವಳು ದಿನಾ ಊಟವಾದ ಮೇಲೆ ಅವರ ಕಾಲ ಬಳಿ ಕೂತು ಮೊಣಕಾಲಿಗೆ ಮುಲಾಮು ತಿಕ್ಕುತ್ತಿದ್ದಳು. ಯಾವ ಮುಲಾಮು ಎನ್ನುವುದನ್ನೂ ಅವರೇ ಹೇಳಿದ್ದರು. ಇಬ್ಬರಿಗೂ ಗೊತ್ತಿದ್ದ ಸುಳ್ಳಿಗೆ ಇಬ್ಬರೂ ಸೇರಿ ಉಪಚಾರ ಮಾಡುತ್ತಿದ್ದರು. ಗಂಡ ನೋಡಿ, ಇಂಥ ಸೊಸೆ ಯಾರಿಗೆ ಸಿಗ್ತಾಳಪ್ಪ ಅನ್ನುತ್ತಿದ್ದ. ಕೈ ಉರಿಯುತ್ತಿತ್ತು. ಸೋಪು ಹಾಕಿ ತೊಳೆದರೂ ಆ ಉರಿ ಬೆರಳ ಸಂದಿಯಲ್ಲಿ ಉಳಿದು, ಕಣ್ಣು ಉಜ್ಜಿಕೊಂಡರೆ ಕಣ್ಣಿಗೂ ಹತ್ತುತ್ತಿತ್ತು.

ಹಾಗಾಗಿ ಹಿಂದಿನ ಸಂಜೆ ಸಾಹೇಬರ ಮಾತು ಹೇಳಿದಾಗ ಅವರು ಬೇಡ ಅನ್ನುತ್ತಾರೆ ಎಂದುಕೊಂಡಿದ್ದಳು. ಬೇಡ ಅನ್ನಲಿ ಎಂದೇ ಹೇಳಿದ್ದಳು. ಮಾವ ಕೈ ತೊಳೆದು ಬಂದು ಬಹಳ ಹೊತ್ತು ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು. "ನೀನು ಆ ಕಡೆ ಕೊನೆಯಲ್ಲಿ ನಿಂತ್ಕೋ," ಅಂದರು. "ಆಗಾಗ ಕೆಮ್ಮು. ಕೆಮ್ಮು ಬಂದ ಕಡೆಗೆ ನಾನು ನಡ್ಕೊಂಡು ಬರ್ತೀನಿ. ಯಾರಿಗೂ ಗೊತ್ತಾಗಲ್ಲ. ನಿನಗೆ ಒಳ್ಳೇ ಹೆಸರು ಬರಲಿ." ಬೆಳಕಿಗೆ ತೆರೆದಿದ್ದ ಅವರ ಕಣ್ಣುಗಳು ಅವಳ ಭುಜದ ಪಕ್ಕದಲ್ಲಿ ಎಲ್ಲೋ ನೆಟ್ಟಿದ್ದವು. ಗೀರುಗಲ್ಲಿನ ವಿಷಯ, ಕಿಟಕಿಯ ವಿಷಯ ಅವರಿಗೆ ಎಷ್ಟು ಗೊತ್ತಿದೆ ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ಬೇಡ ಮಾವ ಅನ್ನಲು ಬಾಯಿ ತೆರೆದಳು. ಹೊರಗೆ ಬಂದದ್ದು ಹೂಂ.

ಬೀದಿಯ ಬಾಯಲ್ಲಿ ಲೆಕ್ಕದಕ್ಕ ಆಗಲೇ ಕುರ್ಚಿಯ ಗಾಲಿಗಳಿಗೆ ಕೈ ಕೊಟ್ಟು ಕಾಯುತ್ತಿದ್ದಳು. ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಮೊದಲು ಅವಳ ಅಣ್ಣ ದಿನಾ ಕಾರಿನಲ್ಲಿ ತಂದು, ಎತ್ತಿ ಇಳಿಸಿ ಹೋಗಬೇಕಿತ್ತು. "ಬಾರೇ, ನನ್ನನ್ನ ಪ್ರದರ್ಶನಕ್ಕೆ ಇಟ್ಟಿದ್ದಾರೆ, ಟಿಕೆಟ್ ಇಡಬೇಕಿತ್ತು," ಅಂದಳು. ಆಮೇಲೆ ಮಾವನಿಗೆ, "ಯಜಮಾನ್ರೇ, ನಿಮ್ಮ ಸೊಸೆ ನನಗೆ ಕಾಲು ಕೊಟ್ಟಳು. ಈಗ ನಮ್ಮಣ್ಣನ ಬೈಗುಳ ಇಲ್ಲದೆ ಆಫೀಸಿಗೆ ಬರ್ತೀನಿ. ನನಗೆ ಬೇಜಾರಾಗೋದು ಅದೊಂದಕ್ಕೇ, ಬೈಯೋರೇ ಇಲ್ಲ."

"ಬೈಯೋರು ಬೇಕಾದ್ರೆ ನಮ್ಮನೆಗೆ ಬನ್ನಿ, ನನಗೆ ಹೊತ್ತು ಹೋಗಲ್ಲ," ಅಂದರು ಮಾವ. ಇಬ್ಬರೂ ನಕ್ಕರು. ಆ ನಗುವಿನ ಮಧ್ಯೆ ನಿಂತ ಅವಳಿಗೆ, ಒಬ್ಬರಿಗೆ ಕೊಟ್ಟ ಕಾಲು ಇನ್ನೊಬ್ಬರಿಂದ ಕಿತ್ತುಕೊಂಡದ್ದು ಅನಿಸಿತು. ಇಲ್ಲ, ಹಾಗೂ ಅಲ್ಲ. ಹಾಗೆ ಅಂದುಕೊಂಡರೆ ತನಗೆ ಸ್ವಲ್ಪ ಸಮಾಧಾನವಾಗುತ್ತದೆ, ಕೊಟ್ಟದ್ದಾದರೂ ಇದೆಯಲ್ಲ ಎಂದು. ಆ ಸಮಾಧಾನವೂ ತನ್ನದಲ್ಲ.

ಸಮಿತಿಯವರು ಬಂದರು. ಮುಂದೆ ನರೆತ ಗಿಡ್ಡ ಕೂದಲಿನ ಹಿರಿಯ ಹೆಂಗಸೊಬ್ಬರು; ಅವರ ಹಿಂದೆ ಇಬ್ಬರು ಗಂಡಸರು, ಕೈ ಹಿಂದಕ್ಕೆ ಕಟ್ಟಿಕೊಂಡು ನೆಲ ನೋಡುತ್ತ. ಸಾಹೇಬರು ನೀರು ಇಂಗುವ ಸಂದಿಗಳನ್ನು ತೋರಿಸಿದರು, ಗಿಡಗಳನ್ನು ತೋರಿಸಿದರು. ಲೆಕ್ಕದಕ್ಕ ಬೀದಿಯ ಈ ಬದಿಯಿಂದ ಆ ಬದಿಗೆ ಹೋಗಿ ರಾಣಿಯ ಹಾಗೆ ಕೈ ಬೀಸಿದಳು. ಹಿರಿಯಾಕೆ ಕೊರಳ ಕನ್ನಡಕ ಏರಿಸಿ ಇಳಿಸಿ ತಲೆಯಾಡಿಸಿದರು. "ಇನ್ನು ನಮ್ಮ ಹಿರಿಯರು," ಅಂದರು ಸಾಹೇಬರು, ಮಾವನ ಬೆನ್ನಿನ ಮೇಲೆ ಕೈಯಿಟ್ಟು. ಮುಟ್ಟುತ್ತೇನೆ ಎಂದು ಹೇಳದೆ ಮುಟ್ಟಿದ್ದಕ್ಕೆ ಮಾವನ ಮೈ ಸಣ್ಣಗೆ ಬೆಚ್ಚಿತು. ಅವಳು ಬೇಗ ಬೇಗ ಬೀದಿಯ ಆ ತುದಿಗೆ ನಡೆದು, ತಿಳಿ ಬೂದಿನ ಕಲ್ಲಿನ ಮೇಲೆ, ಔಷಧಿ ಅಂಗಡಿಯ ಎದುರಿಗೆ ನಿಂತಳು. ಮಾವ ಕೋಲು ಮುಂದಿಟ್ಟರು. ಅವಳು ಕೆಮ್ಮಿದಳು. ಅವರ ಮುಖ, ಗಾಳಿಗೆ ತಿರುಗುವ ಎಲೆಯ ಹಾಗೆ, ಅವಳ ಕಡೆಗೆ ತಿರುಗಿತು. ನಡೆದರು. ಎದೆ ಮುಂದೆ ಮಾಡಿ, ಕೋಲನ್ನು ನೆಪಕ್ಕೆ ಆಡಿಸುತ್ತ, ಬಹಳ ಚಂದ ನಡೆದರು. ಅವಳು ಮತ್ತೆ ಕೆಮ್ಮಿದಳು. ಹಿರಿಯಾಕೆ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಮೆಚ್ಚುಗೆಯ ಮಾತೇ ಇರಬೇಕು, ಇಬ್ಬರೂ ನಕ್ಕರು. ಆವತ್ತು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದಾಗ ಕೇಳಿದ ಚಪ್ಪಾಳೆಯ ಸದ್ದು ಅವಳ ಕಿವಿಗೆ ಬಂತು. ಈ ಸಲ ಅದು ಇನ್ನೂ ಬಿದ್ದಿರಲಿಲ್ಲ, ಬೀಳಲಿಕ್ಕೆ ಕಾಯುತ್ತಿತ್ತು. ಬೆಂಚಿನ ಹತ್ತಿರ ದಾರಿ ಸ್ವಲ್ಪ ಬಾಗುತ್ತದೆ. ಆ ಬಾಗು ಅವಳದೇ, ನೇರವಾಗಿದ್ದರೆ ನೀರಸ ಎಂದು ತಾನೇ ಬಾಗಿಸಿದ್ದು. ಅಲ್ಲಿ ಒಂದು ಕೆಮ್ಮು ಬೇಕು. ಅವಳು ಬಾಯಿ ತೆರೆದಳು. ಗಂಟಲಿನಲ್ಲಿ ಏನೂ ಇರಲಿಲ್ಲ. ಒಣಗಿದ ಬಾವಿಗೆ ಕೊಡ ಬಿಟ್ಟ ಹಾಗೆ ಉಸಿರು ಕೆಳಗೆ ಹೋಗಿ ಬರಿಗೈಯಲ್ಲಿ ಮೇಲೆ ಬಂತು. ಬೇಕೆಂದೇ ಸುಮ್ಮನಾದಳೋ, ಕೆಮ್ಮೇ ಬರಲಿಲ್ಲವೋ, ಆಮೇಲೂ ಅವಳಿಗೆ ಅದು ಬಗೆಹರಿಯಲಿಲ್ಲ. ಮಾವ ಒಂದು ಹೆಜ್ಜೆ ತಡೆದರು. ಕಿವಿಗೊಟ್ಟರು. ಬರಬೇಕಾದ್ದು ಬರಲಿಲ್ಲ. ಆದರೂ ಅವರ ಮುಖದ ಮೇಲೆ ಅವಳ ಮೇಲಿನ ಅದೇ ನಂಬಿಕೆ, ಸ್ವಲ್ಪವೂ ಅಳುಕದೆ. ನೇರ ಮುಂದೆ, ತಿಳಿ ಬೂದಿನಿಂದ ಗಾಢ ಬೂದಿಗೆ, ಬರುತ್ತಿದ್ದ ಸೈಕಲ್ಲಿನ ಎದುರಿಗೆ, ಕಾಲಿಟ್ಟರು.

"ಮಾವಾ! ಅದು ರಸ್ತೆ!"

ಸೈಕಲ್ಲಿನವನು ಬ್ರೇಕು ಒತ್ತಿ ಕಾಲು ಎಳೆದು ನಿಂತ. ಹ್ಯಾಂಡಲು ಮಾವನ ತೋಳಿಗೆ ತಾಗಿತು, ಕೋಲು ಕೈಬಿಟ್ಟು ಕಲ್ಲಿನ ಮೇಲೆ ಸದ್ದು ಮಾಡುತ್ತ ಉರುಳಿತು. ಇಡೀ ಬೀದಿಯಲ್ಲಿ ಅದೊಂದೇ ಸದ್ದು. ಅವಳು ಓಡಿಬಂದು ಅವರ ಎರಡೂ ಭುಜ ಹಿಡಿದಳು. ಅಷ್ಟರಲ್ಲಿ ಸಾಹೇಬರೂ ಸಮಿತಿಯವರೂ ಬಂದರು. ಮಾವ ಬೆನ್ನು ನೆಟ್ಟಗೆ ಮಾಡಿಕೊಂಡು, ಬಂದವರು ಎಲ್ಲಿದ್ದಾರೋ ಎಂದು ಸುಮಾರಾಗಿ ಲೆಕ್ಕ ಹಾಕಿ, ಗಿಡದ ಕಡೆಗೆ ತಿರುಗಿ ನಕ್ಕರು.

"ಬೀದಿಯದೇನೂ ತಪ್ಪಿಲ್ಲ ಸ್ವಾಮಿ, ಬೀದಿ ಚಿನ್ನದಂಥದ್ದು. ನನ್ನ ಮೊಣಕಾಲು ನೋಡಿ, ಹೇಳದೆ ಕೇಳದೆ ಕೈಕೊಡುತ್ತೆ. ಸೊಸೆ ಪಾಪ ದಿನಾ ಮುಲಾಮು ತಿಕ್ತಾಳೆ."

"ಅಯ್ಯೋ, ವಯಸ್ಸು," ಅಂದರು ಸಾಹೇಬರು, ಉಸಿರು ಬಿಟ್ಟು. ಸಮಿತಿಯ ಗಂಡಸರು ತಲೆಯಾಡಿಸಿದರು. ಎಲ್ಲ ಮತ್ತೆ ತನ್ನ ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು, ಸಮತಟ್ಟಾಗಿ. ಅವಳು ಸುಮ್ಮನಿದ್ದರೆ ಸಾಕಿತ್ತು. ಹೂಂ ಅನ್ನುವ ಅಗತ್ಯವೂ ಇರಲಿಲ್ಲ.

"ಮೊಣಕಾಲಲ್ಲ," ಅಂದಳು.

ಯಾರಿಗೂ ಕೇಳಿಸಲಿಲ್ಲವೇನೋ ಅನಿಸಿತು. ಮಾವನಿಗೆ ಕೇಳಿಸಿತ್ತು, ಅವರ ಬೆರಳುಗಳು ಅವಳ ಮೊಣಕೈಯನ್ನು ಬೇಡ ಎಂದು ಒತ್ತಿದವು.

"ಅವರ ಮೊಣಕಾಲಿಗೆ ಏನೂ ಆಗಿಲ್ಲ. ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗೋಕೆ ಇಲ್ಲಿ ಅಂಚೇ ಇಲ್ಲ. ನಾನು ಕೆಮ್ಮಿ ಕೆಮ್ಮಿ ಅವರನ್ನ ನಡೆಸ್ತಾ ಇದ್ದೆ." ದನಿ ಅವಳದೇ ಅನಿಸಲಿಲ್ಲ. "ನಾವು ಕಣ್ಣಿಗೆ ಬಟ್ಟೆ ಕಟ್ಕೊಂಡು ಪರೀಕ್ಷೆ ಮಾಡಿದ್ವಿ. ಆದರೆ ನಕ್ಷೆ ಬರೆದವರೂ ನಾವೇ. ನಡೆಯುವಾಗಲೇ ನನಗದು ಗೊತ್ತಾಗಿತ್ತು. ನಾನು ಹೇಳಲಿಲ್ಲ."

ಸಾಹೇಬರ ಮುಖ ಬಿಳಿಚಿಕೊಂಡಿತು. "ಗೀರುಗಲ್ಲು ಹಾಕಿದ್ರೆ ಗಾಲಿಕುರ್ಚಿಗೆ..." ಎಂದು ಶುರು ಮಾಡಿದರು.

"ಕುಲುಕಿದ್ರೆ ಕುಲುಕಲಿ ಸಾರ್," ಅಂದಳು ಲೆಕ್ಕದಕ್ಕ ಹಿಂದಿನಿಂದ. "ನನ್ನ ಹೆಸರು ಹೇಳಿ ಗೀರುಗಲ್ಲು ಬೇಡ ಅಂದ್ರಿ, ಸರಿ. ಒಂದು ಸಲ ನನ್ನನ್ನ ಕೇಳಬಹುದಿತ್ತು."

ಹಿರಿಯಾಕೆ ಬಗ್ಗಿ ಕೋಲನ್ನು ಎತ್ತಿ ಮಾವನ ಕೈಗೆ ಕೊಟ್ಟರು. ಬೀದಿಯ ಬಗ್ಗೆ ಆಕೆ ಏನೆಂದುಕೊಂಡರು ಎಂದು ಅವರ ಮುಖದಲ್ಲಿ ಹುಡುಕುವ ಹಳೆಯ ಚಟ ಅವಳಲ್ಲಿ ಎದ್ದಿತು. ಅವಳು ನೆಲ ನೋಡಿದಳು. ಎರಡು ಬೂದುಗಳು ಸೇರುವ ಕಡೆ ಒಂದು ಇರುವೆ ಸರಾಗವಾಗಿ ಈ ಬದಿಯಿಂದ ಆ ಬದಿಗೆ ಹೋಗುತ್ತಿತ್ತು. "ನೀವು ಒಳಗೆ ಬನ್ನಿ, ಮಾತಾಡೋಣ," ಅಂದರು ಸಾಹೇಬರು ಅವಳ ಮುಖ ನೋಡದೆ. ಮಾವನನ್ನು ಮನೆಗೆ ಬಿಟ್ಟು ಬರುತ್ತೇನೆ ಅಂದಳು. ಒಪ್ಪಿಗೆ ಕೇಳಿದ ಹಾಗಿರಲಿಲ್ಲ; ಕೇಳಬೇಕಿತ್ತೇನೋ ಎಂದು ಹತ್ತು ಹೆಜ್ಜೆ ಹೋದ ಮೇಲೆ ಅನಿಸಿತು.

ಮಾವ ನಡೆಯುತ್ತಲೇ ಕೋಲಿನ ಹಿಡಿಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ, "ಕೆಲಸಕ್ಕೆ ತೊಂದರೆ ಆಗುತ್ತಾ?" ಅಂದರು.

"ಗೊತ್ತಿಲ್ಲ ಮಾವ."

"ಮುಲಾಮು ಇನ್ನೂ ಅರ್ಧ ಟ್ಯೂಬಿದೆ. ದಂಡವಾಯ್ತು."

ತಿಳಿ ಬೂದಿನ ಕಲ್ಲಿನ ಮೇಲೆ ಇಬ್ಬರೂ ನಡೆಯುತ್ತಿದ್ದರು, ಅವರ ಬೆರಳು ಅವಳ ಮೊಣಕೈ ಮೇಲೆ. ಅವಳು ಕಣ್ಣು ಮುಚ್ಚಿದಳು. ಅವರಿಗೆ ಈ ಬೀದಿ ಹೇಗಿದೆಯೋ ಹಾಗೆ ಒಂದು ಸಲವಾದರೂ ತನಗೂ ಇರಲಿ, ಹೆದರಿಕೆಯಾಗಲಿ, ಎಡವಿ ಬೀಳಲಿ. ಕತ್ತಲೆ ಕವಿದ ತಕ್ಷಣ ನಕ್ಷೆ ಎದ್ದು ನಿಂತಿತು, ಒಂದು ಗೆರೆಯೂ ಅಳಿಸದೆ. ಇಲ್ಲಿ ಗಿಡ. ಇಲ್ಲಿ ಕಂಬ. ಇಲ್ಲಿ ಬಾಗು. ಮರೆಯಲು ನೋಡಿದಷ್ಟೂ ಗೆರೆಗಳು ಬೆಳಗಿದವು. ಅವಳ ಕಾಲು ಎಲ್ಲಿಯೂ ತಪ್ಪಲಿಲ್ಲ.

"ಕಣ್ಣು ಮುಚ್ಕೊಂಡಿದ್ದೀಯಾ?" ಅಂದರು ಮಾವ.

ಹೇಗೆ ಗೊತ್ತಾಯಿತು ಎಂದು ಅವಳು ಕೇಳಲಿಲ್ಲ. "ಹೂಂ."

"ತೆಗಿ. ಇಬ್ಬರಲ್ಲಿ ಒಬ್ಬರಾದರೂ ನೋಡ್ಬೇಕು."